ಪ್ರಜೆ, ಸರಕಾರ ಮತ್ತು ನಡುವಿನವರು

ನವಂಬರ ಒಂದನೆಯ ತಾರೀಖು ಬಂದಿತೆಂದರೆ ಹೊರನಾಡಿನಲ್ಲಿರುವ ನಮಗೆ ಹಬ್ಬ ಬಂದಂತೆಯೇ ಸರಿ. ಸಂಘದ ಸಭಾಗೃಹದಲ್ಲಿ ತಾಯಿ ಭುವನೇಶ್ವರಿಯ ಪಟಕ್ಕೆ ಹಾರ ಹಾಕುತ್ತೇವೆ, ದೀಪ ಹಚ್ಚುತ್ತೇವೆ, ಮಕ್ಕಳಿಂದ ಹಾಡು ಕುಣಿತ ಮಾಡಿಸುತ್ತೇವೆ, ಊರಿನ ರುಚಿಯ ಊಟ ಮಾಡಿ ಮನೆಗೆ ಮರಳುತ್ತೇವೆ. ಇವೆಲ್ಲ ಇರತಕ್ಕವೇ. ಆದರೆ ಈ ದಿನವು ನಮಗೆ ಹೇಗೆ ದೊರೆಯಿತೆಂಬುದನ್ನು ನೆನೆಯುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. 1956ರ ನವಂಬರ 1 ಸರಕಾರವು ತಾನಾಗಿ ಕೊಟ್ಟ ದಾನವಲ್ಲ. ಪ್ರಜೆಗಳು ಒಂದನ್ನು ಬೇಡಿದರು. ಸರಕಾರ ಇನ್ನೊಂದು ಬಗೆಯಾಗಿ ಯೋಚಿಸಿತು. ನಡುವೆ ಕೆಲವರು ಕುಳಿತು ಎರಡೂ ಕಡೆಯ ಮಾತನ್ನು ಕೇಳಿದರು. ಹೀಗೆ ಬಂದ ದಿನ ಇದು.

1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಕರ್ನಾಟಕದ ಏಕೀಕರಣಕ್ಕಾಗಿ ಉಪವಾಸ ಕೈಕೊಂಡುದನ್ನೂ, ಆ ವರ್ಷದ ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಜನ ಸಾವಿರಗಟ್ಟಲೆ ನೆರೆದು ಗಲಭೆಯಾದುದನ್ನೂ ಧಾರವಾಡದ ಕಡೆಯ ಮನೆಗಳಲ್ಲಿ ಇಂದಿಗೂ ಹೇಳಿಕೊಳ್ಳುತ್ತಾರೆ. ಅದೇ ವರ್ಷ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಫಜಲ್ ಅಲಿಯವರು ಅಧ್ಯಕ್ಷರು. ಪಂಡಿತ ಹೃದಯನಾಥ ಕುಂಜರೂ, ಸರದಾರ ಕೆ. ಎಂ. ಪಣಿಕ್ಕರ್ ಇವರು ಸದಸ್ಯರು. ಈ ಮೂವರು 104 ಊರುಗಳಿಗೆ ಹೋಗಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಮಾತನ್ನು ಕೇಳಿದರು. ಅವರ ಮುಂದೆ ಬಂದ ಮನವಿ, ಕಾಗದಪತ್ರಗಳ ಸಂಖ್ಯೆ 1,52,250. 1955ರ ಸೆಪ್ಟೆಂಬರಿನಲ್ಲಿ ವರದಿ ಸಿದ್ಧವಾಯಿತು. ಅವರ ನಿರ್ಣಯ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲವೆಂಬುದನ್ನು ಕಾಸರಗೋಡಿನ ಬಂಧುಗಳಿಗೆ ನಾವು ಹೇಳಬೇಕಾಗಿಲ್ಲ. ಆದರೂ ಬೀದಿಯಲ್ಲಿದ್ದ ಕೂಗು ಕಾಗದದ ಮೇಲೆ ಬಂದು, ಕಾಗದ ಕಾನೂನಾಗಿ, ಕಾನೂನು ನಾಡಾಯಿತು.

ನಾವೇನೂ ಇತಿಹಾಸಜ್ಞರಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವರು. ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಿರೆಂದು ಸಂಘದ ಹಿರಿಯರು ಹೇಳಿದಾಗ ಹಂಪೆಯ ಮೇಲೋ ಬಾದಾಮಿಯ ಮೇಲೋ ಬರೆಯೋಣವೆಂದುಕೊಂಡಿದ್ದೆವು. ಅವುಗಳನ್ನು ಬಲ್ಲವರು ಬಹಳ ಮಂದಿ ಇದ್ದಾರೆ. ನಾವು ದೀಪ ಹಚ್ಚುವ ಈ ನೆಲಕ್ಕೂ ಒಂದು ಇತಿಹಾಸವುಂಟು. ಅದೂ ಪ್ರಜೆ ಮತ್ತು ಸರಕಾರದ ನಡುವಿನ ಕಲಹದ, ಮತ್ತು ಅದು ತೀರಿದ ಬಗೆಯ ಇತಿಹಾಸ. ಅದನ್ನು ಬರೆದವರು ನಮ್ಮಲ್ಲಿ ಕಡಿಮೆ. ಆದುದರಿಂದ ಈ ಸಾರಿ ಅದನ್ನೇ ಬರೆಯುವ ಧೈರ್ಯ ಮಾಡಿದ್ದೇವೆ.

ಇದಕ್ಕೆ ಒಂದು ನಿಮಿತ್ತವೂ ಒದಗಿತು. ಬೇಲಾಪುರದ ಕಡೆಯ ಒಂದು ಶಾಖೆಯಲ್ಲಿ ನಾವು ಕೆಲಸಕ್ಕಿದ್ದಾಗ ಹತ್ತಿರದ ಹಳ್ಳಿಯ ಒಬ್ಬ ಮುದುಕರು ತಿಂಗಳಿಗೊಮ್ಮೆ ಪಾಸ್‌ಬುಕ್ ತುಂಬಿಸಲು ಬರುತ್ತಿದ್ದರು. ಎಪ್ಪತ್ತು ದಾಟಿದವರು, ಆಗ್ರಿ ಜನ. ನಾವು ಅವರನ್ನು ಕಾಕಾ ಎಂದು ಕರೆಯುತ್ತಿದ್ದೆವು. ಒಂದು ದಿನ ಅವರು, "ಸಾಹೇಬ, ನಿಮ್ಮ ಊರು ಯಾವುದು?" ಎಂದು ಕೇಳಿದರು. ಕರ್ನಾಟಕ ಎಂದೆವು. "ಇಲ್ಲಿ ಮನೆ ಎಲ್ಲಿ?" ಎಂದರು. ನೆರೂಳಿನ ಸೆಕ್ಟರಿನ ಹೆಸರು ಹೇಳಿದೆವು. ಕಾಕಾ ನಕ್ಕರು. "ಅಲ್ಲಿ ನಮ್ಮ ಗದ್ದೆ ಇತ್ತು. ನಾನೇ ಕೊಯ್ಲು ಮಾಡಿದ್ದೇನೆ" ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೆ ಅಂದಿನಿಂದ ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ಆ ಮಾತು ನೆನಪಿಗೆ ಬಾರದೆ ಇರಲಿಲ್ಲ. ಆ ಗದ್ದೆ ನಮ್ಮ ಮನೆಯಾದುದು ಹೇಗೆ? ನಡುವೆ ಯಾರು ಯಾರು ಬಂದರು? ಕಾಕಾ ಮತ್ತು ಅವರ ಓರಗೆಯವರು ಹೇಳಿದುದನ್ನೂ, ಪುಸ್ತಕಗಳಲ್ಲಿ ಓದಿದುದನ್ನೂ ಕೂಡಿಸಿ ಇಲ್ಲಿ ಹೇಳುತ್ತೇವೆ.

ಖಾಡಿಯ ಈಚೆಗಿನ ಈ ಪ್ರದೇಶವು ಅರ್ಧ ಶತಮಾನದ ಹಿಂದೆ ಭತ್ತದ ಗದ್ದೆ, ಉಪ್ಪಿನಾಗರ, ಮೀನುಗಾರರ ದೋಣಿಗಳ ನಾಡಾಗಿತ್ತು. ಕಾರವಾರ ಕುಮಟೆಗಳ ಕಡೆಯಲ್ಲಿ ನಮ್ಮವರು ಗಜನಿ ಎಂದು ಕರೆಯುವಂಥ ನೆಲ. ಕಡಲ ನೀರು ನುಗ್ಗದಂತೆ ಒಡ್ಡು ಹಾಕಿ, ಮಳೆಗಾಲದ ಸಿಹಿನೀರಿನಲ್ಲಿ ಒಂದು ಬೆಳೆ ತೆಗೆಯತಕ್ಕದ್ದು. ಆಗ್ರಿ, ಕೋಳಿ, ಕರಾಡಿ ಜನರು ತಲೆತಲಾಂತರದಿಂದ ಇಲ್ಲಿ ಬಾಳಿಕೊಂಡು ಬಂದಿದ್ದರು. ಇಂದು ನಾವು ರೈಲಿನ ನಿಲ್ದಾಣಗಳೆಂದು ಮಾತ್ರ ತಿಳಿದಿರುವ ವಾಶಿ, ಸಾನಪಾಡಾ, ನೆರೂಳ, ಐರೋಳಿ, ಘಣಸೋಲಿ, ಕೋಪರಖೈರಣೆ ಇವೆಲ್ಲ ಆ ಹಳ್ಳಿಗಳ ಹೆಸರುಗಳೇ.

ಈ ಜನ ಬಾಯಿ ಸತ್ತವರಲ್ಲ. 1930ರ ಸೆಪ್ಟೆಂಬರ್ 25ರಂದು ಉರಣ ತಾಲೂಕಿನ ಚಿರನೇರದಲ್ಲಿ ಅರಣ್ಯ ಸತ್ಯಾಗ್ರಹ ಮಾಡಿದ ಹಳ್ಳಿಗರ ಮೇಲೆ ಬ್ರಿಟಿಷ್ ಸರಕಾರದ ಪೋಲೀಸರು ಗುಂಡು ಹಾರಿಸಿದರು. 1933ರಲ್ಲಿ ಅಲಿಬಾಗದ ಹತ್ತಿರದ ಚರಿಯಲ್ಲಿ ಗೇಣಿ ರೈತರು, ನಾರಾಯಣ ನಾಗು ಪಾಟೀಲರ ಮುಂದಾಳುತನದಲ್ಲಿ, ಖೋತರ ಹೊಲಗಳನ್ನು ಉಳುವುದಿಲ್ಲವೆಂದು ಹಟ ಹಿಡಿದರು. ಖೋತರೆಂದರೆ ಸರಕಾರಕ್ಕೂ ರೈತನಿಗೂ ನಡುವೆ ನಿಂತು ಕಂದಾಯ ಎತ್ತುತ್ತಿದ್ದವರು. ಆ ಮುಷ್ಕರ ಸುಮಾರು ಆರು ವರ್ಷ ನಡೆಯಿತು. ಡಾಕ್ಟರ್ ಅಂಬೇಡಕರರು ಆ ರೈತರ ಪಕ್ಷ ವಹಿಸಿ 1937ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಖೋತಿ ಪದ್ಧತಿಯನ್ನು ತೆಗೆದುಹಾಕುವ ಮಸೂದೆ ತಂದರು. ಅಂದಿನ ಕಂದಾಯ ಮಂತ್ರಿ ಮೊರಾರ್ಜಿ ದೇಸಾಯಿಯವರು ಈ ಪ್ರಶ್ನೆಗೆ ಕೈಹಾಕಲೇಬೇಕಾಯಿತು. 1939ರಲ್ಲಿ ಗೇಣಿ ಕಾಯಿದೆ ಬಂದಿತು. ಖೋತಿ ಪದ್ಧತಿಯನ್ನೇ ಕೊನೆಗಾಣಿಸುವ ಕಾನೂನು 1949ರಲ್ಲಿ ಆಯಿತು.

ಇಲ್ಲಿ ಗಮನಿಸತಕ್ಕದ್ದೊಂದುಂಟು. ನಡುವೆ ನಿಲ್ಲುವವರಲ್ಲಿ ಎರಡು ಬಗೆ. ಖೋತನೂ ನಡುವಿನವನೇ, ಅಂಬೇಡಕರರೂ ನಡುವಿನವರೇ. ಮೊದಲನೆಯವನು ಸರಕಾರದ ಲೆಕ್ಕವನ್ನು ರೈತನ ತಲೆಯ ಮೇಲೆ ಹೇರಿದನು. ಎರಡನೆಯವರು ರೈತನ ಲೆಕ್ಕವನ್ನು ಸರಕಾರದ ಮೇಜಿನ ಮೇಲೆ ಇಟ್ಟರು. ಮಧ್ಯಸ್ಥಿಕೆ ಎಂಬ ಮಾತನ್ನು ನಾವು ಈ ಎರಡನೆಯ ಅರ್ಥದಲ್ಲಿಯೇ ಬಳಸುತ್ತಿದ್ದೇವೆ.

ಇನ್ನು ಸರಕಾರದ ಕಡೆಯ ಮಾತನ್ನೂ ಕೇಳಬೇಕು. ಇಲ್ಲವಾದರೆ ನಮ್ಮದು ಇತಿಹಾಸವಾಗದೆ ದೂರಾದೀತು. ಮುಂಬಯಿಯು ದ್ವೀಪದ ಮೇಲಿನ ಪಟ್ಟಣ. ಮೂರು ಕಡೆ ನೀರು. ಬೆಳೆಯಲು ಉತ್ತರಕ್ಕೆ ಮಾತ್ರ ಜಾಗ. ಸ್ವಾತಂತ್ರ್ಯ ಬಂದ ಮೇಲೆ ಜನಸಂಖ್ಯೆ ಏರುತ್ತ ಹೋಯಿತು. 1958ರಲ್ಲಿ ನೇಮಕವಾದ ಬರ್ವೆಯವರ ಸಮಿತಿಯು ಠಾಣೆಯ ಖಾಡಿಯ ಮೇಲೆ ಸೇತುವೆ ಕಟ್ಟಿ ಪಟ್ಟಣವನ್ನು ಈಚೆ ಕಡೆಗೆ ಬೆಳೆಯಗೊಡಬೇಕೆಂದು ಸೂಚಿಸಿತು. 1965ರಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹತಾ, ಶಿರೀಷ ಪಟೇಲ ಎಂಬ ಮೂವರು ತಜ್ಞರು ಖಾಡಿಯಾಚೆ ಹೊಸ ಪಟ್ಟಣವನ್ನೇ ಕಟ್ಟುವ ಯೋಜನೆಯನ್ನು 'ಮಾರ್ಗ್' ಎಂಬ ಪತ್ರಿಕೆಯಲ್ಲಿ ಜನರ ಮುಂದಿಟ್ಟರು. ಅರ್ಥಶಾಸ್ತ್ರಜ್ಞ ಧನಂಜಯರಾವ ಗಾಡಗೀಳರ ಸಮಿತಿಯೂ ಕೈಗಾರಿಕೆಗಳು ಮುಂಬಯಿಯಿಂದ ಹೊರಕ್ಕೆ ಹರಡಬೇಕೆಂದಿತು. 1970ರ ಮಾರ್ಚ್ 17ರಂದು ಸಿಡ್ಕೊ ಎಂಬ ಸರಕಾರೀ ಕಂಪನಿ ಹುಟ್ಟಿತು. ಉದ್ದೇಶ ಕೆಟ್ಟದೆಂದು ಯಾರೂ ಹೇಳಲಾರರು. ಒಂದೇ ಕೋಣೆಯ ಚಾಳಿನಲ್ಲಿ ಎಂಟು ಜನ ಮಲಗುತ್ತಿದ್ದ ಕಾಲವದು. ಆ ಎಂಟು ಜನರಲ್ಲಿ ನಮ್ಮ ಕನ್ನಡದವರೂ ಇದ್ದರು.

ಪಟ್ಟಣವನ್ನು ಕಟ್ಟಲು ಹಣವೆಲ್ಲಿಂದ? ಇದಕ್ಕೆ ಯೋಜಕರು ಕಂಡುಕೊಂಡ ಉಪಾಯ ಸರಳವಾದುದು. ನೆಲವನ್ನೆಲ್ಲ ಮೊದಲೇ ಸರಕಾರದ ಕೈಗೆ ತೆಗೆದುಕೊಳ್ಳತಕ್ಕದ್ದು. ರಸ್ತೆ, ನೀರು, ಚರಂಡಿ ಮಾಡಿ ನಿವೇಶನಗಳನ್ನಾಗಿ ವಿಂಗಡಿಸಿ ಮಾರತಕ್ಕದ್ದು. ಬಂದ ಹಣದಿಂದ ಮುಂದಿನ ಭಾಗವನ್ನು ಕಟ್ಟತಕ್ಕದ್ದು. ವ್ಯಾಪಾರದ ದೃಷ್ಟಿಯಿಂದ ಇದು ಒಳ್ಳೆಯ ಲೆಕ್ಕವೇ. 1970ರ ಫೆಬ್ರವರಿಯಲ್ಲಿ 86 ಹಳ್ಳಿಗಳ 15,954 ಹೆಕ್ಟೇರ್ ಖಾಸಗಿ ಭೂಮಿಗೆ ಸ್ವಾಧೀನದ ಪ್ರಕಟಣೆ ಹೊರಟಿತು. 1973ರ ಆಗಸ್ಟಿನಲ್ಲಿ ಇನ್ನೂ 9 ಹಳ್ಳಿಗಳ 2,870 ಹೆಕ್ಟೇರ್ ಸೇರಿತು. ಒಟ್ಟು 95 ಹಳ್ಳಿಗಳು, ಕೆಲವು ಠಾಣೆ ಜಿಲ್ಲೆಯಲ್ಲಿ, ಉಳಿದವು ಅಂದು ಕೊಲಾಬಾ ಎಂದೂ 1981ರಿಂದ ರಾಯಗಡವೆಂದೂ ಕರೆಯಲ್ಪಡುವ ಜಿಲ್ಲೆಯಲ್ಲಿ. 1973ರಲ್ಲಿ ಖಾಡಿಯ ಸೇತುವೆ ತೆರೆಯಿತು, ಲಾರಿಗಳು ಬಂದವು.

ಕಲಹದ ಬೀಜವಿದ್ದುದು ಈ ಲೆಕ್ಕದ ಮೊದಲ ಸಾಲಿನಲ್ಲಿ. 1894ರ ಭೂಸ್ವಾಧೀನ ಕಾಯಿದೆಯಂತೆ ನೆಲದ ಬೆಲೆಯನ್ನು ಗೊತ್ತುಮಾಡಬೇಕಾದುದು ಮೊದಲ ಪ್ರಕಟಣೆ ಹೊರಟ ದಿನದ ಪೇಟೆಯ ಧಾರಣೆಯಂತೆ. 1970ರಲ್ಲಿ ಪ್ರಕಟಣೆ ಹೊರಟಿತೆಂದುಕೊಳ್ಳೋಣ. ಅಧಿಕಾರಿಗಳು ನೆಲದ ವಶ ತೆಗೆದುಕೊಳ್ಳಲು 1980ರಲ್ಲಿ ಬಂದರೆ ರೈತನಿಗೆ ಸಿಗತಕ್ಕದ್ದು 1970ರ ಧಾರಣೆಯೇ. ಬಡ್ಡಿ ಆರಂಭವಾಗುವುದು ವಶ ತೆಗೆದುಕೊಂಡ ದಿನದಿಂದ. ನಡುವಿನ ಹತ್ತು ವರ್ಷಕ್ಕೆ ಏನೂ ಇಲ್ಲ. ಆ ಹತ್ತು ವರ್ಷದಲ್ಲಿ ಅಕ್ಕಿ, ಬಟ್ಟೆ, ಇಟ್ಟಿಗೆಗಳ ಬೆಲೆ ಏರಿರುತ್ತದೆ. ಪಕ್ಕದಲ್ಲಿ ಸೇತುವೆಯಾಗಿ ಅದೇ ನೆಲದ ಬೆಲೆಯೂ ಏರಿರುತ್ತದೆ. ಏರಿದ ಬೆಲೆ ಮಾರುವವನ ಪಾಲಿಗೆ ಹೋಯಿತು, ಬಿಟ್ಟುಕೊಟ್ಟವನ ಪಾಲಿಗೆ ಬರಲಿಲ್ಲ. ಬ್ಯಾಂಕಿನಲ್ಲಿ ಒಬ್ಬ ಗಿರಾಕಿಯ ಠೇವಣಿಗೆ ಹತ್ತು ವರ್ಷ ಬಡ್ಡಿಯಿಲ್ಲವೆಂದರೆ ಆತ ಸುಮ್ಮನಿರುವನೇ? ಇಲ್ಲಿ ಹೋದುದು ಠೇವಣಿಯೂ ಅಲ್ಲ; ಅನ್ನದ ನೆಲ.

ಇಂಥ ಸಂಕಟವು ಇಲ್ಲಿಯವರಿಗೆ ಮಾತ್ರ ಬಂದುದಲ್ಲ. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟಾಗಿ ಹಿನ್ನೀರು ನಿಂತಾಗ ಬಾಗಲಕೋಟೆಯ ಹಳೆಯ ಪೇಟೆಯ ಜನ ನವನಗರಕ್ಕೆ ಹೋಗಬೇಕಾಯಿತು. ಆ ಕಡೆಯ ಹಲವು ಕುಟುಂಬಗಳು ನಮ್ಮ ಸಂಘದಲ್ಲಿಯೂ ಇವೆ. ಅತ್ತ ನವನಗರ, ಇತ್ತ ನವೀ ಮುಂಬಯಿ. ಹೊಸ ಊರುಗಳೆರಡರ ಅಡಿಯಲ್ಲಿಯೂ ಹಳೆಯವರ ಹೊಲಮನೆಗಳುಂಟು.

ನಡುವೆ ನಿಲ್ಲುವವರಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ನಮ್ಮ ನಾಡಿನದೇ ಒಂದು ನಿದರ್ಶನವನ್ನು ಇಲ್ಲಿ ಹೇಳಬೇಕು. ಮಲಪ್ರಭೆಯ ನೀರು ಹೊಲಕ್ಕೆ ಬಂದಿತೆಂದು ಸರಕಾರವು ನರಗುಂದ ನವಲಗುಂದಗಳ ಕಡೆಯ ರೈತರಿಂದ ನೀರಿನ ಕರವನ್ನೂ, ನೆಲದ ಬೆಲೆ ಏರಿತೆಂಬ ಕಾರಣದಿಂದ ಅಭಿವೃದ್ಧಿ ಕರವನ್ನೂ ಕೇಳಿತು. ನೀರು ಸರಿಯಾಗಿ ಬಂದಿಲ್ಲ, ಬಂದ ಕಡೆ ಕಪ್ಪು ನೆಲ ಜವುಳಾಗಿದೆ, ಬೆಳೆಗೆ ಬೆಲೆಯಿಲ್ಲ ಎಂಬುದು ರೈತರ ಅಹವಾಲು. ಅರ್ಜಿಗಳು ಹೋದವು, ಸಭೆಗಳಾದವು, ರೈತರು ನಿರಾಕರಣೆಗೆ ಇಳಿದರು. ಈ ಅಹವಾಲನ್ನು ಬೆಂಗಳೂರಿಗೆ ಒಯ್ದು ಉತ್ತರ ತರಬಲ್ಲವರು ವೇಳೆಗೆ ಸರಿಯಾಗಿ ದೊರೆಯಲಿಲ್ಲ. 1980ರ ಜುಲೈ 21ರಂದು ಗೋಲೀಬಾರಾಯಿತು, ರೈತರು ಸತ್ತರು. ಆಮೇಲೆ ಸರಕಾರ ರಿಯಾಯಿತಿಗಳನ್ನು ಸಾರಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಜುಲೈ 21ನ್ನು ಹುತಾತ್ಮ ರೈತರ ದಿನವೆಂದು ಇಂದಿಗೂ ಆಚರಿಸುತ್ತಾರೆ. ಸಾವಿನ ನಂತರ ಕೊಟ್ಟ ರಿಯಾಯಿತಿಯನ್ನು ಸಾವಿಗೆ ಮೊದಲೇ ಕೊಡಬಹುದಾಗಿತ್ತಲ್ಲವೆ ಎಂದು ಯಾರಿಗಾದರೂ ಅನಿಸುವುದು ಸಹಜ.

ಅದಾದ ಮೂರೂವರೆ ವರ್ಷಕ್ಕೆ ಖಾಡಿಯ ಈಚೆಗೂ ಅದೇ ಗತಿ ಬಂದಿತು. ನ್ಹಾವಾ ಶೇವಾದಲ್ಲಿ ಹೊಸ ಬಂದರಿನ ಏರ್ಪಾಡು ನಡೆದಿತ್ತು; ಉರಣ ತಾಲೂಕಿನ ಹಳ್ಳಿಗಳಲ್ಲಿ ನೆಲದ ವಶ ತೆಗೆದುಕೊಳ್ಳುವ ಕೆಲಸ ಬಿರುಸಾಯಿತು. ರೈತರು ನ್ಯಾಯವಾದ ಬೆಲೆಯಿಲ್ಲದೆ ನೆಲ ಬಿಡುವುದಿಲ್ಲವೆಂದು ರಸ್ತೆಗಿಳಿದರು. 1984ರ ಜನವರಿ 16ರಂದು ಜಾಸಯಿಯ ಹತ್ತಿರ, ಮರುದಿನ 17ರಂದು ನವಘರದ ಹತ್ತಿರ ಪೋಲೀಸರು ಗುಂಡು ಹಾರಿಸಿದರು. ಎರಡು ದಿನಗಳಲ್ಲಿ ಐದು ಜನ ಪ್ರಾಣ ಕಳೆದುಕೊಂಡರು. ಆಗ ನಾವು ಹುಟ್ಟಿರಲಿಲ್ಲ. ಕಾಕಾ ಅಂದು ತರುಣರು. ಆ ದಿನದ ಮಾತನ್ನು ನಾವು ಕೇಳಿದಾಗ ಅವರು ಹೆಚ್ಚು ಹೇಳಲಿಲ್ಲ. "ಮನೆಯಲ್ಲಿ ಭತ್ತ ಕುಟ್ಟುತ್ತಿದ್ದರು, ಸುದ್ದಿ ಬಂತು, ಒನಕೆ ಅಲ್ಲಿಯೇ ನಿಂತಿತು" ಎಂದರು. 1930ರಲ್ಲಿ ಗುಂಡು ಹಾರಿಸಿದವರು ಪರದೇಶದವರು. 1984ರಲ್ಲಿ ಹಾರಿಸಿದವರು ನಮ್ಮವರೇ. ಅಂದು ಮಹಾರಾಷ್ಟ್ರದ ಮುಖ್ಯಮಂತ್ರಿಗಳಾಗಿದ್ದವರು ವಸಂತದಾದಾ ಪಾಟೀಲರು. ಸಾಂಗ್ಲಿಯ ಕಡೆಯ ರೈತರ ಸಹಕಾರ ಸಂಸ್ಥೆಗಳನ್ನು ಕಟ್ಟಿ ಬೆಳೆದವರು. ರೈತರ ಕಷ್ಟ ತಿಳಿದವರು ಅಧಿಕಾರದಲ್ಲಿದ್ದರೂ ಕಾಯಿದೆಯ ಚಕ್ರ ತನ್ನ ದಾರಿಯಲ್ಲಿಯೇ ತಿರುಗುತ್ತದೆ. ವ್ಯಕ್ತಿಯ ಒಳ್ಳೆಯತನವನ್ನು ನಂಬಿ ಕುಳಿತರೆ ಸಾಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಜನರ ಮುಂದೆ ನಿಂತವರು ದಿನಕರ ಬಾಳು ಪಾಟೀಲರು. ಜನರ ಬಾಯಲ್ಲಿ 'ದಿ. ಬಾ.' ಎಂದೇ ಪ್ರಸಿದ್ಧರು. 1926ರಲ್ಲಿ ಜಾಸಯಿಯಲ್ಲಿಯೇ ಹುಟ್ಟಿದವರು, ವಕೀಲಿ ಓದಿದವರು, ಶೇತಕರಿ ಕಾಮಗಾರ ಪಕ್ಷದಿಂದ ಐದು ಸಲ ಪನವೇಲ ಕ್ಷೇತ್ರದ ಶಾಸಕರಾಗಿ, ಎರಡು ಸಲ ಲೋಕಸಭೆಯ ಸದಸ್ಯರಾಗಿ ಆರಿಸಿ ಬಂದವರು. ಇವರು ಚಳವಳಿಗಾರರು, ಮಧ್ಯಸ್ಥರೆಂದು ಹೇಗೆ ಕರೆಯುತ್ತೀರಿ ಎಂದು ವಾಚಕರು ಕೇಳಬಹುದು. ಮಧ್ಯಸ್ಥನೆಂದರೆ ಎರಡು ಕಡೆಗೂ ಸೇರದೆ ದೂರದಲ್ಲಿ ಕುಳಿತವನು ಎಂಬುದು ಒಂದು ಅರ್ಥ. ಹಳ್ಳಿಯ ಪಂಚರು ಹಾಗೆ ದೂರದಲ್ಲಿ ಕುಳಿತವರಲ್ಲ, ಊರಿನವರೇ. ದಿ. ಬಾ. ಅವರ ಒಂದು ಕಾಲು ಗದ್ದೆಯ ಬದುವಿನ ಮೇಲಿತ್ತು, ಇನ್ನೊಂದು ವಿಧಾನಸಭೆಯ ಮೆಟ್ಟಿಲ ಮೇಲಿತ್ತು. ರೈತನ ಮಾತು ಅವರಿಗೆ ಮನೆಮಾತು. ಕಾಯಿದೆಯ ಮಾತು ಕಲಿತ ಮಾತು. ಅವರನ್ನು ಹೊರಗಿನವನೆಂದು ರೈತರು ತಳ್ಳುವಂತಿರಲಿಲ್ಲ, ತಿಳಿಯದವನೆಂದು ಸರಕಾರ ತಳ್ಳುವಂತಿರಲಿಲ್ಲ.

ಚಳವಳಿಯಿಂದ ಹೊರಟ ಮುಖ್ಯ ಫಲವು ಪರಿಹಾರದ ರೂಪವನ್ನೇ ಬದಲಿಸಿತು. ಬೇಡಿಕೆ ಬರಿಯ ಹೆಚ್ಚು ಬೆಲೆಗಾಗಿ ಉಳಿಯಲಿಲ್ಲ, ಪಾಲಿಗಾಗಿ ಆಯಿತು. ಪಟ್ಟಣವಾದ ಮೇಲೆ ನೆಲದ ಬೆಲೆ ಏರುವುದಾದರೆ ಆ ಏರಿಕೆಯಲ್ಲಿ ನೆಲ ಬಿಟ್ಟವನಿಗೂ ಅಂಶವಿರಬೇಕು ಎಂಬುದೇ ಆ ತತ್ತ್ವ. ರೈತನಿಂದ ತೆಗೆದುಕೊಂಡ ಭೂಮಿಯ ಶೇಕಡಾ ಹನ್ನೆರಡೂವರೆ ಭಾಗವನ್ನು ರಸ್ತೆ ನೀರುಗಳ ಸಮೇತ ನಿವೇಶನವಾಗಿ ಅವನಿಗೇ ಮರಳಿಸತಕ್ಕದ್ದು ಎಂದಾಯಿತು. ಇದನ್ನು ಇಲ್ಲಿಯ ಜನ 'ಸಾಡೇಬಾರಾ ಟಕ್ಕೆ' ಎನ್ನುತ್ತಾರೆ. 1990ರ ಮಾರ್ಚಿನಲ್ಲಿ ಸರಕಾರದ ಆಜ್ಞೆ ಹೊರಟು ನವೀ ಮುಂಬಯಿಯ ಭೂಮಿ ಕಳೆದುಕೊಂಡವರಿಗೆ ಇದು ಅನ್ವಯವಾಯಿತು. 1994ರಲ್ಲಿ ಇನ್ನೊಂದು ಆಜ್ಞೆ ಬಂದಿತು.

ಲೆಕ್ಕ ಮಾಡಿ ನೋಡೋಣ. ಒಂದು ಎಕರೆಗೆ 40 ಗುಂಟೆ. ಶೇಕಡಾ ಹನ್ನೆರಡೂವರೆಯೆಂದರೆ 5 ಗುಂಟೆ. ಅದರಲ್ಲಿ ಶೇಕಡಾ ಮೂರೂ ಮುಕ್ಕಾಲು ಭಾಗವನ್ನು ರಸ್ತೆ ಮೊದಲಾದ ಸಾರ್ವಜನಿಕ ಸೌಕರ್ಯಗಳಿಗೆ ಮುರಿದುಕೊಂಡು ಕೈಗೆ ಬರುವುದು ಎಂಟೂ ಮುಕ್ಕಾಲು, ಅಂದರೆ ಮೂರೂವರೆ ಗುಂಟೆ. ನಲವತ್ತು ಗುಂಟೆ ಕೊಟ್ಟವನಿಗೆ ಮೂರೂವರೆ ಗುಂಟೆ ಬಂದಿತೆಂದರೆ ಕೇಳುವವರಿಗೆ ಅತ್ಯಲ್ಪವೆನಿಸೀತು. ಆದರೆ ಆ ಮೂರೂವರೆ ಗುಂಟೆ ಕೆಸರುಗದ್ದೆಯಲ್ಲ, ಪಟ್ಟಣದ ನಿವೇಶನ; ಮನೆ ಕಟ್ಟಬಹುದು, ಅಂಗಡಿ ಇಡಬಹುದು, ಮಾರಬಹುದು. ಒಂದೇ ಸಲ ಕೈಗೆ ಬಂದು ಕರಗಿಹೋಗುವ ಹಣಕ್ಕಿಂತ ಇದು ಮೇಲೆಂದು ಅವರು ಕಂಡುಕೊಂಡರು. ಪರಿಹಾರದ ಹಣವು ಮದುವೆ, ಮೋಟಾರು ಸೈಕಲ್ಲುಗಳಲ್ಲಿ ಮುಗಿದುಹೋದ ಕಥೆಗಳನ್ನು ಕೌಂಟರಿನ ಈಚೆ ಕುಳಿತ ನಾವು ಬೇಕಾದಷ್ಟು ಕೇಳಿದ್ದೇವೆ.

ಅದೇ 1984ರ ಸೆಪ್ಟೆಂಬರಿನಲ್ಲಿ ಸಂಸತ್ತಿನ ಕಾನೂನಿನಿಂದ ಭೂಸ್ವಾಧೀನ ಕಾಯಿದೆಗೂ ತಿದ್ದುಪಡಿಯಾಯಿತು. ಒಪ್ಪಿಗೆಯಿಲ್ಲದೆ ನೆಲ ತೆಗೆದುಕೊಳ್ಳುವುದಕ್ಕಾಗಿ ಬೆಲೆಯ ಮೇಲೆ ಕೊಡುತ್ತಿದ್ದ ಹೆಚ್ಚಿನ ಮೊತ್ತವು ಶೇಕಡಾ 15ರಿಂದ 30ಕ್ಕೆ ಏರಿತು. ಪ್ರಕಟಣೆಯ ದಿನದಿಂದ ನಿರ್ಣಯದ ಅಥವಾ ವಶದ ದಿನದವರೆಗೆ ವರ್ಷಕ್ಕೆ ಶೇಕಡಾ 12 ಹೆಚ್ಚು ಕೊಡಬೇಕೆಂದಾಯಿತು. ಇದು ಜಾಸಯಿಯೊಂದರ ಫಲವೆಂದು ನಾವು ಹೇಳುವುದಿಲ್ಲ. ದೇಶದ ನಾನಾ ಮೂಲೆಗಳ ರೈತರು ಅದೇ ಲೆಕ್ಕವನ್ನು ಅದೇ ದುಃಖದಿಂದ ಹೇಳಿದ್ದರು. ಕೊನೆಗೆ 1894ರ ಕಾಯಿದೆಯೇ ಹೋಗಿ, 2013ರಲ್ಲಿ ಹೊಸ ಕಾನೂನಾಗಿ 2014ರ ಜನವರಿ 1ರಿಂದ ಜಾರಿಗೆ ಬಂದಿತು. ಯೋಜನೆಯಿಂದ ಜನಜೀವನಕ್ಕೆ ಏನಾಗುವುದೆಂಬುದನ್ನು ಮೊದಲೇ ಪರೀಕ್ಷಿಸಬೇಕು, ಊರವರ ಬಹಿರಂಗ ವಿಚಾರಣೆ ನಡೆಸಬೇಕು, ಖಾಸಗಿ ಕಂಪನಿಗಳಿಗಾಗಿ ನೆಲ ತೆಗೆದುಕೊಳ್ಳುವುದಾದರೆ ಶೇಕಡಾ 80ರಷ್ಟು ಮಂದಿಯ ಒಪ್ಪಿಗೆ ಬೇಕು ಎಂಬ ವಿಧಿಗಳು ಅದರಲ್ಲಿ ಸೇರಿದವು. ಗುಂಡು ಹಾರಿದ ಮೇಲೆ ಕೂಡುತ್ತಿದ್ದ ಮಾತುಕತೆಯನ್ನು ಅಗೆತಕ್ಕೆ ಮೊದಲೇ ಕೂಡಿಸಬೇಕೆಂಬುದು ಆ ವಿಧಿಗಳ ಸಾರ.

ಈ ರಾಜಿಯಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. 1984ರ ಕೂಗಿಗೆ ಆಜ್ಞೆ ಹೊರಟುದು 1990ರಲ್ಲಿ. ಆಜ್ಞೆ ಹೊರಟ ಮೇಲೂ ನಿವೇಶನ ಕೈಗೆ ಬರಲು ಕೆಲವರು ವರ್ಷಗಟ್ಟಲೆ ಕಾದರು. ತಂದೆಯ ನೆಲಕ್ಕೆ ಮಗನಿಗೆ ನಿವೇಶನ ಬಂದ ಮನೆಗಳುಂಟು. ಪಾಲು ನಿಂತುದು ಸಾತ್‌ಬಾರಾ ಉತಾರದಲ್ಲಿ ಹೆಸರಿದ್ದವರ ಭೂಮಿಯ ಮೇಲೆ. ಖಾಡಿಯ ನೀರಿಗೆ ಉತಾರವೆಲ್ಲಿ? ಬಲೆ ಬೀಸಿ ಬದುಕಿದ ಕೋಳಿ ಹೆಣ್ಣುಮಗಳು ಯಾವ ಕಾಗದ ತೋರಿಸಬೇಕು? ಮಧ್ಯಸ್ಥನು ಎಷ್ಟೇ ದೊಡ್ಡವನಾದರೂ ಕಾಗದದಲ್ಲಿಲ್ಲದವರ ಕಷ್ಟ ಹಿಂದೆ ಬೀಳುತ್ತದೆ. ಹಳೆಯ ಗಾವಠಾಣಗಳ ಸುತ್ತ ಮಕ್ಕಳು ಮೊಮ್ಮಕ್ಕಳಿಗಾಗಿ ಕಟ್ಟಿಕೊಂಡ ಮನೆಗಳನ್ನು ಸಕ್ರಮ ಮಾಡುವ ಪ್ರಶ್ನೆಯೂ ಬಹುಕಾಲದಿಂದ ಎಳೆದಾಡುತ್ತ ಬಂದಿದೆ.

ಆದರೂ ಒಮ್ಮೆ ಬಿದ್ದ ಪಂಕ್ತಿ ಮುಂದಿನವರಿಗೆ ದಾರಿಯಾಯಿತು. ಪನವೇಲದ ಹತ್ತಿರ ವಿಮಾನ ನಿಲ್ದಾಣಕ್ಕಾಗಿ ಹತ್ತು ಹಳ್ಳಿಗಳನ್ನು ಎಬ್ಬಿಸಬೇಕಾಗಿ ಬಂದಾಗ ಮಾತುಕತೆ ಹನ್ನೆರಡೂವರೆಯಿಂದಲೇ ಆರಂಭವಾಗಿ ಇಪ್ಪತ್ತೆರಡೂವರೆಗೆ ಮುಟ್ಟಿತು. ದಿ. ಬಾ. ಪಾಟೀಲರು 2013ರ ಜೂನ್ 24ರಂದು ತೀರಿಕೊಂಡರು. ನಿಲ್ದಾಣಕ್ಕೆ ಅವರ ಹೆಸರೇ ಇರಬೇಕೆಂದು 2021ರಲ್ಲಿ ಈ ಹಳ್ಳಿಗಳ ಜನ ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಬಂದರು. 2022ರಲ್ಲಿ ರಾಜ್ಯ ಸರಕಾರ ಅದನ್ನು ಒಪ್ಪಿಕೊಂಡಿತು. 2025ರ ಅಕ್ಟೋಬರ್ 8ರಂದು ನಿಲ್ದಾಣದ ಉದ್ಘಾಟನೆಯಾಯಿತು. ಮಂಗಳೂರಿಗೋ ಬೆಂಗಳೂರಿಗೋ ವಿಮಾನ ಹತ್ತುವ ನಮ್ಮವರು ಆ ಹೆಸರಿನ ಹಿಂದಿನ ಕಥೆಯನ್ನು ತಿಳಿದಿದ್ದರೆ ಒಳ್ಳೆಯದು.

ಡೊಂಬಿವಲಿ ಕಲ್ಯಾಣಗಳ ಬಂಧುಗಳು, ನಮ್ಮ ಕಡೆಯ ಮಾತೇ ಬರಲಿಲ್ಲವಲ್ಲ ಎಂದಾರು. ಅವರ ಸುತ್ತಲಿನ 27 ಹಳ್ಳಿಗಳದೂ ಇದೇ ಜಾತಿಯ ಕಥೆ. 1983ರಲ್ಲಿ ಕಲ್ಯಾಣದ ಮಹಾನಗರಪಾಲಿಕೆಯಾದಾಗ ಅವನ್ನು ಒಳಗೆ ಸೇರಿಸಿದರು; ತೆರಿಗೆ ಬಂತು, ಸೌಕರ್ಯ ಬರಲಿಲ್ಲ ಎಂದು ಜನ ತಕರಾರು ತೆಗೆದರು; 2002ರಲ್ಲಿ ಹೊರಗೆ ಬಿಟ್ಟರು; 2015ರಲ್ಲಿ ಮತ್ತೆ ಒಳಗೆ ಸೇರಿಸಿದರು. ಒಳಗೆ ಹೊರಗೆ ಆಗುತ್ತಿರುವಾಗ ನಲ್ಲಿ ಯಾರದು, ರಸ್ತೆ ಯಾರದು ಎಂಬುದೇ ತಿಳಿಯದಂತಾಯಿತು. ಅಲ್ಲಿ ಸಮಿತಿಗಳು ಇರಲಿಲ್ಲವೆಂದಲ್ಲ. ಆದರೆ ಹನ್ನೆರಡೂವರೆಯಂತಹ ಒಂದು ಅಂಕಿ, ಎರಡೂ ಕಡೆಯವರು ಬೆರಳಿಟ್ಟು ತೋರಿಸಬಹುದಾದ ಒಂದು ಪಂಕ್ತಿ, ಆ ಜಗಳದಿಂದ ಹೊರಡಲಿಲ್ಲ.

ಇಂಥ ಕಲಹಗಳಿಗೆ ಕಾಯಂ ಮಧ್ಯಸ್ಥರನ್ನೇ ಇಟ್ಟರಾಗದೇ ಎಂದು ಲೋಕದಲ್ಲಿ ಹಿಂದೆಯೇ ಯೋಚಿಸಿದ್ದಾರೆ. ಸ್ವೀಡನ್ ದೇಶದಲ್ಲಿ 1809ರಲ್ಲಿಯೇ ಓಂಬುಡ್ಸ್‌ಮನ್ ಎಂಬ ಹುದ್ದೆಯನ್ನು ಮಾಡಿದರು. ಅಧಿಕಾರಿಗಳ ಮೇಲಿನ ದೂರನ್ನು ವಿಚಾರಿಸುವ, ಅಧಿಕಾರಿಗಳಿಗೆ ಅಧೀನನಲ್ಲದ ಒಬ್ಬ ಮನುಷ್ಯ. ನಮ್ಮಲ್ಲಿ ಮಹಾರಾಷ್ಟ್ರವು 1971ರಲ್ಲಿ, ಕರ್ನಾಟಕವು 1984ರಲ್ಲಿ ಲೋಕಾಯುಕ್ತರ ಕಾನೂನು ಮಾಡಿದವು. ರಿಸರ್ವ್ ಬ್ಯಾಂಕು 1995ರಲ್ಲಿ ಬ್ಯಾಂಕುಗಳ ಗಿರಾಕಿಗಳಿಗಾಗಿ ಇದೇ ಹೆಸರಿನ ವ್ಯವಸ್ಥೆಯನ್ನು ತಂದಿತು. ಅದರ ಫಲಕ ನಮ್ಮ ಶಾಖೆಯ ಗೋಡೆಯ ಮೇಲೆಯೂ ಇದೆ. ಇವೆಲ್ಲ ಬೇಕಾದುವೇ. ಆದರೆ ಇವರು ನೋಡುವುದು ನಿಯಮದಂತೆ ನಡೆಯಿತೇ ಇಲ್ಲವೇ ಎಂಬುದನ್ನು. ನಿಯಮವೇ ತಪ್ಪಾಗಿದ್ದರೆ? 1970ರ ಧಾರಣೆಯನ್ನು 1980ರಲ್ಲಿ ಕೊಟ್ಟ ಅಧಿಕಾರಿಯು ಯಾವ ನಿಯಮವನ್ನೂ ಮೀರಿರಲಿಲ್ಲ. ಅಲ್ಲಿ ಬೇಕಾದವರು ನಿಯಮವನ್ನು ತಿದ್ದಿಸಬಲ್ಲವರು. ಜನರ ಕೂಗನ್ನು ಅಂಕಿಯಾಗಿಯೂ, ಅಂಕಿಯನ್ನು ಆಜ್ಞೆಯಾಗಿಯೂ ಮಾಡಬಲ್ಲವರು. ಫಜಲ್ ಅಲಿಯವರ ಆಯೋಗ ಮಾಡಿದುದು ಅದನ್ನು, ಅಂಬೇಡಕರರು ಮಾಡಿದುದು ಅದನ್ನು, ದಿ. ಬಾ. ಪಾಟೀಲರು ಮಾಡಿದುದೂ ಅದನ್ನೇ.

ಇಲ್ಲಿ ನಮ್ಮ ಪಾತ್ರವೇನು? ಈ ಜಗಳದಲ್ಲಿ ನಾವು ಕಕ್ಷಿಗಾರರಲ್ಲ, ಪಂಚರಲ್ಲ, ಲಾಭ ಪಡೆದವರು. ಹೊಟ್ಟೆಪಾಡಿಗೆ ಬಂದೆವು, ಸಾಲ ಮಾಡಿ ಮನೆ ಕೊಂಡೆವು, ಕಂತು ಕಟ್ಟುತ್ತಿದ್ದೇವೆ, ಯಾರಿಂದಲೂ ಕಿತ್ತುಕೊಳ್ಳಲಿಲ್ಲ. ಇದು ನಿಜ. ಆದರೆ ನಮ್ಮ ಕಂತಿನ ಪುಸ್ತಕದಲ್ಲಿ ಕಾಣದ ಒಂದು ಬಾಕಿ ಇದೆ. ಅದನ್ನು ಹಣದಿಂದ ತೀರಿಸಬೇಕೆಂದು ಯಾರೂ ಕೇಳುತ್ತಿಲ್ಲ. ತಿಳಿದಿರಬೇಕು, ನೆನೆಯಬೇಕು, ನಾಳೆ ಇನ್ನೊಂದು ಯೋಜನೆಯ ನಕ್ಷೆ ಗೋಡೆಗೆ ಬಂದಾಗ, ಆಕ್ಷೇಪಣೆಗಳಿದ್ದರೆ ತಿಳಿಸಿರೆಂದು ಪತ್ರಿಕೆಯಲ್ಲಿ ಸಣ್ಣಕ್ಷರದ ಜಾಹೀರಾತು ಬಂದಾಗ, ನಮಗೇನು ಎಂದು ಪುಟ ತಿರುವಬಾರದು. ನಮ್ಮಲ್ಲಿ ವಕೀಲರಿದ್ದಾರೆ, ಇಂಜಿನಿಯರರಿದ್ದಾರೆ, ಲೆಕ್ಕ ಬಲ್ಲವರಿದ್ದಾರೆ. ಅರ್ಜಿ ಬರೆಯಲಾರದ ನೆರೆಯವರಿಗೆ ಒಂದು ಅರ್ಜಿ ಬರೆದುಕೊಡುವುದೂ ಮಧ್ಯಸ್ಥಿಕೆಯೇ.

ಕಾಕಾ ಕಳೆದ ವರ್ಷದಿಂದ ಬ್ಯಾಂಕಿಗೆ ಬರುತ್ತಿಲ್ಲ, ಮಂಡಿನೋವಂತೆ. ಅವರ ಮೊಮ್ಮಗ ಪಾಸ್‌ಬುಕ್ ತರುತ್ತಾನೆ. ಮುಂದಿನ ರಾಜ್ಯೋತ್ಸವಕ್ಕೆ ಅವರನ್ನೂ ಅವರ ಓರಗೆಯ ಒಬ್ಬಿಬ್ಬರನ್ನೂ ಕರೆಸಿ, ಮುಂದಿನ ಸಾಲಿನಲ್ಲಿ ಕುಳ್ಳಿರಿಸಿ, ಈ ನೆಲದ ಕಥೆಯನ್ನು ಅವರ ಬಾಯಿಂದಲೇ ನಮ್ಮ ಮಕ್ಕಳಿಗೆ ಕೇಳಿಸಬೇಕೆಂದು ಸಂಘದ ಹಿರಿಯರಲ್ಲಿ ಬಿನ್ನವಿಸುತ್ತೇವೆ. ಅವರ ಮಾತು ಮರಾಠಿಯಲ್ಲಿರುತ್ತದೆ. ಕನ್ನಡಕ್ಕೆ ತಿಳಿಯಹೇಳುವ ಕೆಲಸವನ್ನು ನಾವು ವಹಿಸಿಕೊಳ್ಳುತ್ತೇವೆ.